ಓದುಗರ ಪ್ರಶ್ನೆ, ನಮ್ಮ ಉತ್ತರ: ವಾದ್ಯವೃಂದದ ಮುಂದೆ ನಿಂತವರ ಕೆಲಸವೇನು?

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದವನ್ನು ನಡೆಸುವ ಕಂಡಕ್ಟರ್ ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿಕೊಂಡಿದ್ದೇವೆ.

ಪ್ರಶ್ನೆ: ಹೊಸ ವರ್ಷದ ದಿನ ವಿಯೆನ್ನಾದಿಂದ ಪ್ರಸಾರವಾಗುವ ಕಛೇರಿಯನ್ನು ಮನೆಮಂದಿಯೆಲ್ಲ ಕುಳಿತು ನೋಡುತ್ತೇವೆ. ವಾದಕರ ಕಣ್ಣು ಎದುರಿನ ಹಾಳೆಯ ಮೇಲೆ ನೆಟ್ಟಿರುತ್ತದೆಯೇ ಹೊರತು, ಮುಂದೆ ನಿಂತು ಕೈಯಾಡಿಸುವವರ ಮೇಲಲ್ಲ. ಹಾಗಾದರೆ ಅವರು ನಿಜವಾಗಿ ಮಾಡುವುದೇನು? ಅವರಿಲ್ಲದಿದ್ದರೆ ಸಂಗೀತ ನಿಂತುಹೋಗುತ್ತದೆಯೇ? (ದಾವಣಗೆರೆಯ ಓದುಗರು)

ಉತ್ತರ: ನಿಂತುಹೋಗುವುದಿಲ್ಲ. ನುರಿತ ವಾದ್ಯವೃಂದವೊಂದು ತನಗೆ ಚೆನ್ನಾಗಿ ಪಳಗಿದ ಕೃತಿಯನ್ನು ಕಂಡಕ್ಟರ್ ಇಲ್ಲದೆಯೂ ಮೊದಲಿನಿಂದ ಕೊನೆಯವರೆಗೆ ನುಡಿಸಿ ಮುಗಿಸಬಲ್ಲದು. ಆದರೆ ನಿಮ್ಮ ಪ್ರಶ್ನೆಯ ತಿರುಳನ್ನು ಹಿಡಿಯಬೇಕಾದರೆ, ವಾದಕರ ಎದುರಿನ ಆ ಹಾಳೆಯಲ್ಲಿ ಏನು ಬರೆದಿರುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅದರಲ್ಲಿ ಇಡೀ ಕೃತಿ ಇರುವುದಿಲ್ಲ, ಆಯಾ ವಾದ್ಯದ ಪಾಲು ಮಾತ್ರ ಇರುತ್ತದೆ. ಎರಡನೇ ಪಿಟೀಲಿನವರಿಗೆ ಎರಡನೇ ಪಿಟೀಲಿನ ಸಾಲು ಕಾಣುತ್ತದೆ, ಕೊಂಬಿನವರಿಗೆ ಕೊಂಬಿನ ಸಾಲು ಕಾಣುತ್ತದೆ. ಪಕ್ಕದವರು ಯಾವಾಗ ಏನು ನುಡಿಸುತ್ತಾರೆ ಎಂಬುದು ಅವರ ಹಾಳೆಯಲ್ಲಿಲ್ಲ. ಬೀಥೋವನ್‌ನ ಐದನೇ ಸಿಂಫನಿಯಲ್ಲಿ (ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ಬರೆದ ದೊಡ್ಡ ಕೃತಿ) ಟ್ರೊಂಬೋನ್ ಎಂಬ ಹಿತ್ತಾಳೆ ವಾದ್ಯ ನುಡಿಸುವವರು ಮೊದಲ ಮೂರು ಭಾಗಗಳುದ್ದಕ್ಕೂ ಸುಮ್ಮನೆ ಕುಳಿತಿದ್ದು, ನಾಲ್ಕನೆಯ ಭಾಗದ ಮೊದಲ ಸ್ವರಕ್ಕೇ ಪೂರ್ಣ ಬಲದಿಂದ ದನಿಗೂಡಿಸಬೇಕು. ಡ್ವೊರ್ಝಾಕ್ 1893ರಲ್ಲಿ ರಚಿಸಿದ 'ನ್ಯೂ ವರ್ಲ್ಡ್' ಸಿಂಫನಿ ಮುಕ್ಕಾಲು ಗಂಟೆಗೆ ಹತ್ತಿರವಿದೆ; ಅದರಲ್ಲಿ ಕಂಚಿನ ದೊಡ್ಡ ತಾಳ, ಅಂದರೆ ಸಿಂಬಲ್, ಕೊನೆಯ ಭಾಗದಲ್ಲಿ ಒಂದೇ ಒಂದು ಸಲ ಮೊಳಗುತ್ತದೆ. ಅಷ್ಟು ಹೊತ್ತು ಕಾದು ಕುಳಿತ ವಾದಕರಿಗೆ ಎಣಿಕೆ ತಪ್ಪದಿದ್ದರೂ, ಆ ಕ್ಷಣಕ್ಕೆ ಮುಂಚೆ ಒಂದು ಕಣ್ಣೋಟದ ಭರವಸೆ ಬೇಕೇ ಬೇಕು. ಇಡೀ ಕೃತಿ ಒಟ್ಟಾಗಿ ಕಾಣುವುದು ವೇದಿಕೆಯ ಮೇಲೆ ಒಬ್ಬರಿಗೆ ಮಾತ್ರ, ಅವರೇ ಕಂಡಕ್ಟರ್.

ಎರಡನೆಯ ಕಾರಣ ಭೌತಶಾಸ್ತ್ರದ್ದು. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತದೆ. ದೊಡ್ಡ ವೇದಿಕೆಯಲ್ಲಿ ಮುಂದಿನ ಪಿಟೀಲಿನಿಂದ ಹಿಂದಿನ ಡೋಲಿಗೆ 17 ಮೀಟರ್ ಅಂತರವಿದೆ ಎಂದುಕೊಂಡರೆ, ಪಿಟೀಲಿನ ದನಿ ಅಲ್ಲಿಗೆ ತಲುಪಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಬೇಕು. ಡೋಲಿನವರು ಆ ದನಿಯನ್ನು ಕೇಳಿಸಿಕೊಂಡು ಅದರೊಂದಿಗೆ ಬಡಿದರೆ, ಅವರ ಪೆಟ್ಟು ಮತ್ತೆ ಅಷ್ಟೇ ಹೊತ್ತು ತೆಗೆದುಕೊಂಡು ಮುಂದಕ್ಕೆ ಬರುತ್ತದೆ. ಮುಂದಿನ ಸಾಲಿನವರಿಗೆ ಅದು ಸೆಕೆಂಡಿನ ಹತ್ತನೇ ಒಂದು ಭಾಗ ತಡವಾಗಿ ಕೇಳುತ್ತದೆ. ವೇಗದ ನಡೆಯಲ್ಲಿ ಇಷ್ಟು ತಡವಾದರೆ ಲಯ ಕೆಟ್ಟಿತೆಂದೇ ಅರ್ಥ. ಆದ್ದರಿಂದ ಹಿಂದೆ ಕುಳಿತವರು ಕಿವಿಯನ್ನು ನಂಬುವಂತಿಲ್ಲ, ಕಣ್ಣನ್ನು ನಂಬಬೇಕು. ಕಂಡಕ್ಟರ್‌ನ ಕೈ ಎಲ್ಲರಿಗೂ ಒಂದೇ ಕ್ಷಣಕ್ಕೆ ಕಾಣುತ್ತದೆ. ವಾದಕರು ನೋಡುವುದಿಲ್ಲವೆಂದು ನಿಮಗೆ ಅನಿಸಿರುವುದು ಸಹಜ. ಅವರು ಹಾಳೆಯ ಸ್ಟ್ಯಾಂಡನ್ನು ಅದರ ಮೇಲಂಚಿನ ಆಚೆ ಕಂಡಕ್ಟರ್ ಕೈಯಲ್ಲಿರುವ ಕಡ್ಡಿ ಕಾಣುವಷ್ಟು ಎತ್ತರಕ್ಕೆ ಹೊಂದಿಸಿಕೊಂಡು, ಓದುವಾಗಲೂ ಕಣ್ಣಂಚಿನಲ್ಲಿ ಅದನ್ನು ಗಮನಿಸುತ್ತಿರುತ್ತಾರೆ.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇನೆ. ಕಂಡಕ್ಟರ್ ಸಂಗೀತಕ್ಕೆ ತಕ್ಕಂತೆ ಕೈಯಾಡಿಸುತ್ತಾರೆ ಎಂದು ನೋಡುವವರು ತಿಳಿಯುತ್ತಾರೆ. ನಡೆಯುವುದು ಅದಕ್ಕೆ ವಿರುದ್ಧ: ಅವರ ಕೈ ಹೇಳುತ್ತಿರುವುದು ಈಗ ಕೇಳುತ್ತಿರುವ ಸ್ವರದ ವಿಷಯವನ್ನಲ್ಲ, ಇನ್ನೂ ಹುಟ್ಟದಿರುವ ಸ್ವರದ ವಿಷಯವನ್ನು. ಕೃತಿ ಆರಂಭವಾಗುವ ಮೊದಲು ಕಡ್ಡಿ ಒಮ್ಮೆ ಮೇಲಕ್ಕೇರುತ್ತದೆ, ಅದರೊಂದಿಗೆ ಕಂಡಕ್ಟರ್ ಉಸಿರನ್ನೂ ಒಳಗೆಳೆಯುತ್ತಾರೆ. ಆ ಒಂದು ಏರಿಕೆಯ ವೇಗದಿಂದ ಮುಂದಿನ ಲಯ, ಅದರ ಅಳತೆಯಿಂದ ದನಿಯ ಮಟ್ಟ, ಅದು ಮೃದುವೋ ಚೂಪೋ ಎಂಬುದರಿಂದ ಮೊದಲ ಸ್ವರದ ಗುಣ, ಇವೆಲ್ಲವೂ ಅರವತ್ತು ಎಂಬತ್ತು ಮಂದಿಗೆ ಒಟ್ಟಿಗೆ ತಿಳಿಯಬೇಕು. ಬೀಥೋವನ್‌ನ ಐದನೇ ಸಿಂಫನಿಯ ಆರಂಭವನ್ನೇ ಹತ್ತಿರದಿಂದ ನೋಡೋಣ. ಎಲ್ಲರಿಗೂ ಪರಿಚಿತವಾದ ಆ ನಾಲ್ಕು ಸ್ವರಗಳ ಮೊದಲ ಸ್ವರ ತಾಳದ ಪೆಟ್ಟಿನ ಮೇಲೆ ಬೀಳುವುದಿಲ್ಲ. ಪೆಟ್ಟಿನ ಜಾಗದಲ್ಲಿ ಅರೆಕ್ಷಣದ ಮೌನವಿದೆ. ಅದಾದ ಮೇಲೆ ಮೂರು ಚಿಕ್ಕ ಸ್ವರಗಳು ಒಂದರ ಹಿಂದೊಂದು ಬಂದು, ನಾಲ್ಕನೆಯದರ ಮೇಲೆ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ಕಂಡಕ್ಟರ್‌ಗೇ ಬಿಟ್ಟ ನಿಲುಗಡೆಯ ಚಿಹ್ನೆಯಿದೆ. ಬೀಥೋವನ್ ಸೂಚಿಸಿದ ವೇಗ ನಿಮಿಷಕ್ಕೆ 108 ಪೆಟ್ಟು, ಅಂದರೆ ಒಂದು ಪೆಟ್ಟಿಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು. ತಂತಿವಾದ್ಯದವರೆಲ್ಲ ಮತ್ತು ಕ್ಲಾರಿನೆಟ್‌ನವರು ಕಡ್ಡಿ ಕೆಳಗಿಳಿದಾಗ ಸುಮ್ಮನಿದ್ದು, ಅದು ತಾಕಿದ ಮರುಕ್ಷಣ ಒಬ್ಬರೇ ನುಡಿಸಿದಂತೆ ಹೊರಡಬೇಕು. ಮೇಲೇರುವ ಕೈಯಲ್ಲಿ ಅನುಮಾನವಿದ್ದರೆ ಆ ಮೂರು ಸ್ವರಗಳು ಐದೋ ಆರೋ ಆಗಿ ಚೆಲ್ಲಾಪಿಲ್ಲಿಯಾಗುತ್ತವೆ. ಕಂಡಕ್ಟರ್ ಆಗಬೇಕೆಂದಿರುವವರ ಕೈ ಎಷ್ಟು ಖಚಿತ ಎಂಬುದು ಈ ಒಂದು ಏರಿಳಿತದಲ್ಲೇ ತಿಳಿದುಬಿಡುತ್ತದೆ.

ಕೆಲಸದ ಬಹುಪಾಲು ಮುಗಿದಿರುವುದು ತಾಲೀಮಿನಲ್ಲಿ. ಓಬೋ ಎಂಬ ಊದುವಾದ್ಯ ಮುಖ್ಯ ರಾಗವನ್ನು ನುಡಿಸುವಾಗ ಕೊಂಬುಗಳು ಎಷ್ಟು ತಗ್ಗಬೇಕು, ಪಿಟೀಲಿನವರ ಕಮಾನು ಯಾವ ಸ್ವರದಲ್ಲಿ ಕೆಳಮುಖವಾಗಿ ಹೋಗಬೇಕು, ಎರಡು ಭಾಗಗಳ ನಡುವಿನ ಲಯದ ತಿರುವಿನಲ್ಲಿ ಯಾರನ್ನು ಯಾರು ಕೇಳಿಸಿಕೊಳ್ಳಬೇಕು ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತದೆ. ಸಂಜೆಯ ಕಛೇರಿಯಲ್ಲಿ ನಿಮಗೆ ಕಾಣುವ ಕೈಚಲನೆ ಆ ತೀರ್ಮಾನಗಳನ್ನು ನೆನಪಿಸುವುದಕ್ಕೆ, ಮತ್ತು ಆ ಸಂಜೆ ಹೊಸದಾಗಿ ಏನಾದರೂ ಹೊಳೆದರೆ ಅದನ್ನು ಎಲ್ಲರಿಗೂ ತಲುಪಿಸುವುದಕ್ಕೆ.

ಪ್ರಶ್ನೆ: ಕಂಡಕ್ಟರ್ ಹಿಡಿಯುವ ಕಡ್ಡಿ ಯಾವ ಮರದ್ದು, ಎಷ್ಟು ಉದ್ದ? ದಸರಾ ಮೆರವಣಿಗೆಯಲ್ಲಿ ಪೊಲೀಸ್ ಬ್ಯಾಂಡಿನ ಮುಂದೆ ಹೋಗುವವರು ತಿರುಗಿಸುವ ಉದ್ದನೆಯ ದಂಡಕ್ಕೂ ಇದಕ್ಕೂ ಸಂಬಂಧವಿದೆಯೇ? ಕೆಲವರು ಕಡ್ಡಿಯೇ ಇಲ್ಲದೆ ನಡೆಸುವುದನ್ನೂ ನೋಡಿದ್ದೇನೆ. (ಮೈಸೂರಿನ ಓದುಗರು)

ಉತ್ತರ: ಈ ಕಡ್ಡಿಗೆ ಬ್ಯಾಟನ್ ಎಂದು ಹೆಸರು. ಬರ್ಚ್, ಮೇಪಲ್‌ನಂತಹ ಹಗುರವಾದ ಮರದಿಂದ, ಇತ್ತೀಚೆಗೆ ಫೈಬರ್‌ಗ್ಲಾಸ್ ಮತ್ತು ಕಾರ್ಬನ್ ಫೈಬರ್‌ನಿಂದಲೂ ಮಾಡುತ್ತಾರೆ. ಸಾಮಾನ್ಯವಾಗಿ 12ರಿಂದ 16 ಅಂಗುಲ ಉದ್ದವಿದ್ದು, ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುತ್ತದೆ. ಬುಡದಲ್ಲಿ ಕಾರ್ಕ್ ಅಥವಾ ಮರದ ಹಿಡಿ ಇರುತ್ತದೆ. ಅದು ಗುಂಡಗೋ, ಪೇರಲೆಯ ಆಕಾರದಲ್ಲೋ ಇದ್ದು ಅಂಗೈಯಲ್ಲಿ ಕುಳಿತುಕೊಳ್ಳುತ್ತದೆ, ಹೆಬ್ಬೆರಳು ಮತ್ತು ತೋರುಬೆರಳು ಕಡ್ಡಿಯ ಬುಡವನ್ನು ಹಗುರವಾಗಿ ಹಿಡಿದಿರುತ್ತವೆ. ಒಳ್ಳೆಯ ಬ್ಯಾಟನ್ ಅನ್ನು ಪರೀಕ್ಷಿಸುವ ಕ್ರಮ ಸರಳ: ಹಿಡಿಯೂ ಕಡ್ಡಿಯೂ ಸೇರುವ ಜಾಗವನ್ನು ಒಂದು ಬೆರಳ ಮೇಲಿಟ್ಟರೆ ಅದು ಅತ್ತಿತ್ತ ವಾಲದೆ ನಿಲ್ಲಬೇಕು. ತೂಕ ಮುಂದಕ್ಕೆ ಜಗ್ಗಿದರೆ ಎರಡು ಗಂಟೆಯ ಕಛೇರಿಯಲ್ಲಿ ಮಣಿಕಟ್ಟು ಸೋಲುತ್ತದೆ. ಬಿಳಿ ಬಣ್ಣ ಬಳಿಯುವುದು, ಕಪ್ಪು ಉಡುಪಿನ ಎದುರು ಮಂದ ಬೆಳಕಿನಲ್ಲೂ ಅದು ಹಿಂದಿನ ಸಾಲಿಗೆ ಕಾಣಲೆಂದು. ಹಾಡಿನಲ್ಲೇ ನಡೆಯುವ ನಾಟಕವಾದ ಅಪೆರಾದಲ್ಲಿ ವಾದಕರು ರಂಗದ ಕೆಳಗಿನ ತಗ್ಗಿನಲ್ಲಿ ಚಿಕ್ಕ ದೀಪಗಳ ಬೆಳಕಿನಲ್ಲಿ ಕುಳಿತಿರುತ್ತಾರೆ, ಹಾಡುಗಾರರು ಮೇಲೆ ದೂರದಲ್ಲಿರುತ್ತಾರೆ. ಅಲ್ಲಿ ಈ ಬಿಳಿಯ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಕಡ್ಡಿಯ ಪ್ರಯೋಜನವೂ ಇಷ್ಟೇ: ಮಣಿಕಟ್ಟಿನ ಸಣ್ಣ ಚಲನೆ ಅದರ ತುದಿಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಬಲಗೈ ತಾಳದ ಆಕಾರಗಳನ್ನು ಗಾಳಿಯಲ್ಲಿ ಬರೆಯುತ್ತದೆ. ನಾಲ್ಕರ ಎಣಿಕೆಯಲ್ಲಿ ಮೊದಲನೆಯದು ಕೆಳಗೆ, ಎರಡನೆಯದು ಎಡಕ್ಕೆ, ಮೂರನೆಯದು ಬಲಕ್ಕೆ, ನಾಲ್ಕನೆಯದು ಮೇಲಕ್ಕೆ. ಮೂರರ ಎಣಿಕೆಯಲ್ಲಿ ಕೆಳಗೆ, ಬಲಕ್ಕೆ, ಮೇಲಕ್ಕೆ. ಮೊದಲ ಎಣಿಕೆ ಯಾವಾಗಲೂ ಕೆಳಮುಖವಾಗಿಯೇ ಇರುವುದರಿಂದ, ಎಣಿಕೆ ಕಳೆದುಕೊಂಡ ವಾದಕರಿಗೆ ಮತ್ತೆ ಸೇರಿಕೊಳ್ಳಲು ಅದೊಂದು ಗಟ್ಟಿ ಆಸರೆ. ಎಡಗೈ ದನಿಯ ಏರಿಳಿತವನ್ನು ತೋರಿಸುತ್ತದೆ, ಯಾರು ಸೇರಿಕೊಳ್ಳಬೇಕೋ ಅವರತ್ತ ಚಾಚುತ್ತದೆ. ಎರಡೂ ಕೈ ಒಂದನ್ನೊಂದು ಕನ್ನಡಿಯಂತೆ ಅನುಕರಿಸುತ್ತಲೇ ಇದ್ದರೆ ಒಂದು ಕೈ ವ್ಯರ್ಥವಾಯಿತೆಂದು ಗುರುಗಳು ತಿದ್ದುತ್ತಾರೆ.

ಪೊಲೀಸ್ ಬ್ಯಾಂಡಿನ ಮುಂದಿನವರು ಹಿಡಿಯುವ ದಂಡ ಬೇರೆ ಕೆಲಸದ್ದು. ಬೆನ್ನು ಹಾಕಿ ಮುಂದೆ ನಡೆಯುವ ಅವರನ್ನು ಹಿಂದಿರುವ ವಾದಕರು ದೂರದಿಂದ ನೋಡಬೇಕಾದ್ದರಿಂದ ದಂಡ ಅಷ್ಟು ಉದ್ದವಿರುತ್ತದೆ. ಹೊರಡು, ನಿಲ್ಲು, ತಿರುಗು ಎಂಬ ಆಜ್ಞೆಗಳನ್ನು ಅದು ಕೊಡುತ್ತದೆ. ಸ್ವರದ ಸೂಕ್ಷ್ಮಗಳು ಅದರ ವ್ಯಾಪ್ತಿಯಲ್ಲಿಲ್ಲ.

ಕಡ್ಡಿಯಿಲ್ಲದೆ ನಡೆಸಿದ ದೊಡ್ಡವರು ಅನೇಕರಿದ್ದಾರೆ. ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ, ಪಿಯೆರ್ ಬುಲೇಜ್, ಕರ್ಟ್ ಮಾಜುರ್ ಬರಿಗೈಯಲ್ಲಿ ನಡೆಸುತ್ತಿದ್ದರು. ಗಾಯಕವೃಂದವನ್ನು ನಡೆಸುವವರಲ್ಲೂ ಬರಿಗೈಯವರೇ ಹೆಚ್ಚು, ಏಕೆಂದರೆ ಸ್ವರವನ್ನು ಎಳೆಯುವುದು, ಮುಗಿಸುವುದು, ಅಕ್ಷರವನ್ನು ಒತ್ತುವುದು ಇವನ್ನೆಲ್ಲ ಬೆರಳುಗಳೇ ಚೆನ್ನಾಗಿ ಹೇಳುತ್ತವೆ. ಇದು ಅಭ್ಯಾಸ ಮತ್ತು ಅಭಿರುಚಿಯ ವಿಷಯ. ಒಂದೇ ಸರಿ, ಇನ್ನೊಂದು ತಪ್ಪು ಎಂದು ನಾನು ಹೇಳಲಾರೆ.

ಪ್ರಶ್ನೆ: ಕಡ್ಡಿಯಿಂದ ಪೆಟ್ಟು ಬಿದ್ದು ಒಬ್ಬ ಸಂಗೀತಗಾರ ಸತ್ತದ್ದು ನಿಜವೇ? ಬ್ಯಾಟನ್ ಬರುವ ಮೊದಲು ವಾದ್ಯವೃಂದವನ್ನು ಯಾರು ನಡೆಸುತ್ತಿದ್ದರು? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಜ, ಆದರೆ ಅದು ಈಗಿನ ಸಣ್ಣ ಕಡ್ಡಿಯಲ್ಲ. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿದ್ದ ಝಾಂ ಬಪ್ತಿಸ್ತ್ ಲುಲ್ಲಿ, ನೆಲಕ್ಕೆ ಕುಟ್ಟಿ ತಾಳ ಹಾಕುವ ಉದ್ದನೆಯ ದೊಣ್ಣೆಯನ್ನು ಬಳಸುತ್ತಿದ್ದ. 1687ರ ಜನವರಿಯಲ್ಲಿ, ಶಸ್ತ್ರಚಿಕಿತ್ಸೆಯ ನಂತರ ದೊರೆ ಚೇತರಿಸಿಕೊಂಡದ್ದಕ್ಕಾಗಿ ಪ್ಯಾರಿಸಿನಲ್ಲಿ ಏರ್ಪಾಡಾಗಿದ್ದ ಸ್ತುತಿಗೀತೆಯ ಕಾರ್ಯಕ್ರಮದಲ್ಲಿ ಆ ದೊಣ್ಣೆ ಅವನ ಕಾಲಿಗೇ ಬಡಿಯಿತು. ಗಾಯ ಕೊಳೆತು ಅದೇ ವರ್ಷ ಮಾರ್ಚ್ 22ರಂದು ಅವನು ತೀರಿಕೊಂಡ.

ಅಂದಿನ ಬಹುತೇಕ ವಾದ್ಯವೃಂದಗಳು ಚಿಕ್ಕವು. ಹಾರ್ಪ್ಸಿಕಾರ್ಡ್ ಎಂಬ ಕೀಲಿಮಣೆಯ ವಾದ್ಯವನ್ನು ನುಡಿಸುವವರು ಕುಳಿತಲ್ಲಿಂದಲೇ ತಲೆಯಾಡಿಸಿ, ಅಥವಾ ಮೊದಲ ಪಿಟೀಲಿನವರು ಕಮಾನನ್ನೇ ಎತ್ತಿ ಸೂಚನೆ ಕೊಟ್ಟು ಎಲ್ಲರನ್ನೂ ಕೂಡಿಸುತ್ತಿದ್ದರು. ಈ ಎರಡನೆಯ ಪದ್ಧತಿಯನ್ನು ಇಪ್ಪತ್ತನೆಯ ಶತಮಾನದಲ್ಲೂ ಕಾಣಬಹುದಿತ್ತು: ವಿಯೆನ್ನಾದ ಹೊಸ ವರ್ಷದ ಕಛೇರಿಗಳನ್ನು 1955ರಿಂದ 1979ರವರೆಗೆ ನಡೆಸಿದ ವಿಲ್ಲಿ ಬೊಸ್ಕೊವ್‌ಸ್ಕಿ ಪಿಟೀಲು ಹಿಡಿದೇ ನಿಲ್ಲುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ವಾದ್ಯಗಳ ಸಂಖ್ಯೆ ಬೆಳೆದು, ಒಂದೇ ಕೃತಿಯೊಳಗೆ ಲಯ ಮತ್ತೆ ಮತ್ತೆ ಬದಲಾಗತೊಡಗಿದಾಗ ಹಳೆಯ ಏರ್ಪಾಡು ಸಾಲದಾಯಿತು. 1824ರ ಮೇ 7ರಂದು ವಿಯೆನ್ನಾದಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿ ಮೊದಲ ಬಾರಿ ಕೇಳಿಬಂದಾಗ, ಕಿವಿ ಪೂರ್ತಿ ಕೇಳದಿದ್ದ ರಚನಕಾರರು ವೇದಿಕೆಯ ಮೇಲೆಯೇ ಇದ್ದು ಲಯ ತೋರಿಸುತ್ತಿದ್ದರು. ಆದರೆ ವಾದಕರು ನೋಡಬೇಕಾದದ್ದು ಮಿಖಾಯೆಲ್ ಉಮ್ಲೌಫ್‌ನನ್ನು ಮಾತ್ರ ಎಂದು ಮೊದಲೇ ಗೊತ್ತುಮಾಡಲಾಗಿತ್ತು. ಇಬ್ಬರು ತೋರಿಸುವ ಲಯದಲ್ಲಿ ಒಂದು ಕೃತಿ ನಡೆಯದು ಎಂಬುದಕ್ಕೆ ಇಷ್ಟು ನೋವಿನ ಉದಾಹರಣೆ ಇನ್ನೊಂದಿಲ್ಲ.

1835ರಲ್ಲಿ ಲೈಪ್ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದದ ಹೊಣೆ ಹೊತ್ತ ಮೆಂಡೆಲ್‌ಸನ್ ಕಡ್ಡಿ ಹಿಡಿದು ನಿಂತು ನಡೆಸುವ ಪದ್ಧತಿಗೆ ಗೌರವ ತಂದುಕೊಟ್ಟರು. 1843ರಲ್ಲಿ ಫ್ರಾನ್ಸಿನ ಬೆರ್ಲಿಯೋಜ್ ಆ ಊರಿಗೆ ಬಂದಾಗ ಇಬ್ಬರೂ ತಮ್ಮ ಬ್ಯಾಟನ್‌ಗಳನ್ನು ವಿನಿಮಯ ಮಾಡಿಕೊಂಡರು. ಬೆರ್ಲಿಯೋಜ್ 1855ರಲ್ಲಿ ಈ ಕಲೆಯನ್ನು ಕುರಿತು ಚಿತ್ರಸಹಿತವಾದ ಪ್ರಬಂಧವನ್ನು ಬರೆದರು. ವಾಗ್ನರ್ 1869ರಲ್ಲಿ ಬರೆದ ಪ್ರಬಂಧ ಕೈಚಲನೆಯನ್ನು ಬಿಟ್ಟು, ಕೃತಿಗೆ ಸರಿಯಾದ ಲಯವನ್ನು ಕಂಡುಕೊಳ್ಳುವುದೇ ಕಂಡಕ್ಟರ್‌ನ ಮೊದಲ ಕರ್ತವ್ಯ ಎಂದು ವಾದಿಸಿತು. ಹಾನ್ಸ್ ಫಾನ್ ಬ್ಯೂಲೊ 1880ರ ದಶಕದಲ್ಲಿ ಮೈನಿಂಗನ್ ಎಂಬ ಚಿಕ್ಕ ಊರಿನ ವಾದ್ಯವೃಂದವನ್ನು ಕಟ್ಟುನಿಟ್ಟಿನ ತಾಲೀಮಿನಿಂದಲೇ ಯುರೋಪಿನಾದ್ಯಂತ ಹೆಸರಾಗುವಂತೆ ಮಾಡಿದ ಮೇಲೆ, ಕೃತಿ ರಚಿಸದೆ, ವಾದ್ಯ ನುಡಿಸದೆ, ನಡೆಸುವುದನ್ನೇ ವೃತ್ತಿಯಾಗಿ ಮಾಡಿಕೊಳ್ಳಬಹುದೆಂಬುದು ಸ್ಥಿರವಾಯಿತು.

ಪ್ರಶ್ನೆ: ಯಕ್ಷಗಾನದ ಭಾಗವತರನ್ನು ನಮ್ಮ ಕಂಡಕ್ಟರ್ ಎನ್ನಬಹುದೇ? ನಮ್ಮ ಕರ್ನಾಟಕ ಸಂಗೀತದ ಕಛೇರಿಗೆ ಬೇಡದವರು ಅಲ್ಲಿಗೇಕೆ ಬೇಕು? (ಕುಂದಾಪುರದ ಓದುಗರು)

ಉತ್ತರ: ಹೋಲಿಕೆ ತುಂಬ ಹತ್ತಿರಕ್ಕೆ ಬರುತ್ತದೆ. ಭಾಗವತರು ಮೊದಲನೇ ವೇಷ ಎಂಬ ಮಾತು ನಿಮ್ಮ ಕಡೆ ಇದ್ದೇ ಇದೆ. ಚೆಂಡೆ ಮದ್ದಳೆಯವರು, ರಂಗದ ಮೇಲಿನ ವೇಷಧಾರಿಗಳು, ಪ್ರಸಂಗದ ನಡೆ, ಎಲ್ಲವೂ ಅವರ ಕೈಯಲ್ಲಿವೆ. ಪದ್ಯವನ್ನು ಎಲ್ಲಿ ಎತ್ತಬೇಕು, ಕುಣಿತಕ್ಕೆ ಎಷ್ಟು ಅವಕಾಶ ಕೊಡಬೇಕು, ಮಾತು ಎಲ್ಲಿ ಸಾಕು ಎಂಬುದನ್ನು ಅವರು ಒಂದು ನೋಟದಿಂದ, ಜಾಗಟೆಯ ಅಥವಾ ತಾಳದ ಒಂದು ಪೆಟ್ಟಿನಿಂದ ತಿಳಿಸುತ್ತಾರೆ. ಮುಂದೆ ಬರುವುದನ್ನು ಮೊದಲೇ ಹೇಳುವ ಕಲೆ ಇಬ್ಬರದೂ ಒಂದೇ. ವ್ಯತ್ಯಾಸವೂ ಅಷ್ಟೇ ದೊಡ್ಡದು. ಭಾಗವತರು ಸ್ವತಃ ಹಾಡುತ್ತಾರೆ, ದನಿಯಿಂದಲೇ ನಡೆಸುತ್ತಾರೆ. ವೇದಿಕೆಯ ಮೇಲೆ ಒಂದೂ ಸ್ವರವನ್ನು ಹುಟ್ಟಿಸದೆ ಇರುವವರು ಕಂಡಕ್ಟರ್ ಒಬ್ಬರೇ. ಭಾಗವತರಿಗೆ ಆ ರಾತ್ರಿಯ ರಂಗವನ್ನು ನೋಡಿ ಪದ್ಯವನ್ನು ಬಿಡುವ, ಲಂಬಿಸುವ ಸ್ವಾತಂತ್ರ್ಯವಿದೆ. ಕಂಡಕ್ಟರ್ ಬರೆದಿಟ್ಟ ಸ್ವರವೊಂದನ್ನೂ ತಾವಾಗಿ ಸೇರಿಸುವಂತಿಲ್ಲ.

ನಮ್ಮ ಕಛೇರಿಯಲ್ಲಿ ನಾಲ್ಕೈದು ಮಂದಿ ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ ಕುಳಿತಿರುತ್ತಾರೆ. ಗಾಯಕರ ತೊಡೆಯ ಮೇಲೆ ಬೀಳುವ ತಾಳ ಎಲ್ಲರಿಗೂ ಕಾಣುತ್ತದೆ, ಹಿಡಿದ ಕಾಲಪ್ರಮಾಣ ಕೃತಿಯ ಕೊನೆಯವರೆಗೂ ಬದಲಾಗುವುದಿಲ್ಲ, ಎಲ್ಲರೂ ಒಂದೇ ರಾಗದ ಎಳೆಯನ್ನು ಹಿಂಬಾಲಿಸುತ್ತಾರೆ. ಇದಕ್ಕೆ ಪ್ರತಿಯಾಗಿ, ಒಂದೇ ಕ್ಷಣದಲ್ಲಿ ಹತ್ತಾರು ಬೇರೆಬೇರೆ ಎಳೆಗಳು ಓಡುತ್ತ, ಲಯ ನಿಧಾನವಾಗುತ್ತ ವೇಗವಾಗುತ್ತ ಹೋಗುವ ಬರವಣಿಗೆಗೆ ನಡುವಿನಲ್ಲಿ ಒಬ್ಬರು ಬೇಕಾಗುತ್ತಾರೆ. ನಮ್ಮಲ್ಲೂ ಹೆಚ್ಚು ವಾದ್ಯಗಳನ್ನು ಕೂಡಿಸಿದಾಗ ಈ ಅಗತ್ಯ ತಲೆದೋರಿತು: 1952ರಲ್ಲಿ ಆಕಾಶವಾಣಿ ದೆಹಲಿಯಲ್ಲಿ ವಾದ್ಯವೃಂದವನ್ನು ಕಟ್ಟಿದಾಗ ಅದನ್ನು ನಡೆಸಲು ಪಂಡಿತ್ ರವಿಶಂಕರ್ ಮತ್ತು ಟಿ. ಕೆ. ಜಯರಾಮ ಅಯ್ಯರ್ ಅವರನ್ನು ನೇಮಿಸಿಕೊಂಡಿತ್ತು.

ಪ್ರಶ್ನೆ: ನಾನು ಪಿಟೀಲು ಕಲಿಯುತ್ತಿರುವ ವಿದ್ಯಾರ್ಥಿನಿ. ಒಂದೇ ಸಾಲನ್ನು ಓದುವುದೇ ನನಗೆ ಕಷ್ಟ. ಕಂಡಕ್ಟರ್ ಇಪ್ಪತ್ತು ಸಾಲುಗಳನ್ನು ಒಟ್ಟಿಗೆ ಹೇಗೆ ಓದುತ್ತಾರೆ? (ಬೆಂಗಳೂರಿನ ಓದುಗರು)

ಉತ್ತರ: ಕಂಡಕ್ಟರ್‌ನ ನಿಜವಾದ ಸಾಧನ ಈ ಇಪ್ಪತ್ತು ಸಾಲುಗಳ ಪುಸ್ತಕವೇ ಹೊರತು ಕಡ್ಡಿಯಲ್ಲ ಎಂದು ನನ್ನ ಅಭಿಪ್ರಾಯ, ಆದ್ದರಿಂದ ನಿಮ್ಮ ಪ್ರಶ್ನೆಗೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಇದಕ್ಕೆ ಸ್ಕೋರ್ ಎನ್ನುತ್ತಾರೆ. ಪುಟದ ಮೇಲ್ಭಾಗದಲ್ಲಿ ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಅವುಗಳ ಕೆಳಗೆ ಕೊಂಬು, ಟ್ರಂಪೆಟ್, ಟ್ರೊಂಬೋನ್‌ಗಳು, ನಡುವೆ ಚರ್ಮವಾದ್ಯಗಳು, ತಳದಲ್ಲಿ ಪಿಟೀಲಿನಿಂದ ಡಬಲ್ ಬಾಸ್‌ವರೆಗಿನ ತಂತಿವಾದ್ಯಗಳು. ಈ ಕ್ರಮ ಬದಲಾಗುವುದಿಲ್ಲವಾದ್ದರಿಂದ ಪಳಗಿದ ಕಣ್ಣಿಗೆ ಯಾವ ವಾದ್ಯ ಎಲ್ಲಿದೆಯೆಂದು ಹುಡುಕುವ ಶ್ರಮವಿಲ್ಲ.

ಕಷ್ಟ ಬೇರೆ ಕಡೆ ಇದೆ. ಎಲ್ಲ ವಾದ್ಯಗಳೂ ಒಂದೇ ಆಧಾರಶ್ರುತಿಗೆ ಬರೆದವಲ್ಲ. ಕೊಂಬಿನ ಸಾಲಿನಲ್ಲಿ 'ಸಿ' ಎಂದು ಬರೆದಿದ್ದರೆ ಕಿವಿಗೆ ಕೇಳುವುದು ಅದರ ಕೆಳಗಿನ 'ಎಫ್'. ಬಿ ಫ್ಲಾಟ್ ಕ್ಲಾರಿನೆಟ್‌ನ 'ಸಿ' ಕೇಳುವಾಗ 'ಬಿ ಫ್ಲಾಟ್' ಆಗುತ್ತದೆ. ವಿಯೋಲಾದ ಸಾಲಿಗೆ ಬೇರೆಯದೇ ಕೀಲಕವಿದೆ, ಅಂದರೆ ಯಾವ ಗೆರೆ ಯಾವ ಸ್ವರವೆಂದು ಹೇಳುವ ಸಾಲಿನ ಮೊದಲ ಚಿಹ್ನೆಯೇ ಬೇರೆ; ಅಲ್ಲಿ ನಿಮ್ಮ ಪಿಟೀಲಿನ ಸಾಲಿನ ಲೆಕ್ಕ ನಡೆಯುವುದಿಲ್ಲ. ಒಂದು ಸ್ವರಮೇಳ ಸರಿಯಾಗಿ ಕೇಳಿತೇ ಇಲ್ಲವೇ ಎಂದು ತಿಳಿಯಬೇಕಾದರೆ, ಈ ಸ್ಥಾನಪಲ್ಲಟಗಳನ್ನೆಲ್ಲ ಮನಸ್ಸಿನಲ್ಲೇ ಮಾಡಿಕೊಂಡು, ಕೇಳಬೇಕಾದ ದನಿಯನ್ನು ಮೊದಲೇ ಒಳಗಿವಿಯಲ್ಲಿ ಕೇಳಿಕೊಂಡಿರಬೇಕು. ತಾಲೀಮಿನಲ್ಲಿ ಎರಡನೇ ಬಸೂನ್ ಅರ್ಧಸ್ವರ ತಪ್ಪಿದರೆ ಅದನ್ನು ಹೆಸರು ಹಿಡಿದು ಹೇಳಬಲ್ಲ ಶಕ್ತಿ ಬರುವುದು ಹೀಗೆ.

ವೇದಿಕೆಯ ಮೇಲೆ ಯಾರೂ ಇಪ್ಪತ್ತು ಸಾಲುಗಳನ್ನು ಅಕ್ಷರಶಃ ಓದುವುದಿಲ್ಲ. ಓದುವ ಕೆಲಸ ಮನೆಯಲ್ಲಿ, ವಾರಗಳ ಮೊದಲೇ ಮುಗಿದಿರುತ್ತದೆ. ಮೊದಲು ಕೃತಿಯ ಕಟ್ಟಡವನ್ನು ನೋಡುತ್ತಾರೆ: ವಾಕ್ಯಗಳು ಎಷ್ಟೆಷ್ಟು ಉದ್ದವಿವೆ, ಶಿಖರ ಎಲ್ಲಿದೆ, ಎಲ್ಲಿ ಲಯ ಬದಲಾಗುತ್ತದೆ. ಆಮೇಲೆ ಪ್ರತಿಯೊಂದು ಸಾಲನ್ನೂ ಹಾಡಿಕೊಳ್ಳುತ್ತಾರೆ. ಪಿಯಾನೋ ಬಲ್ಲವರು ಇಡೀ ಪುಟವನ್ನು ಹತ್ತು ಬೆರಳುಗಳಿಗೆ ಇಳಿಸಿ ನುಡಿಸಿ ನೋಡುತ್ತಾರೆ. ಕೈಯಲ್ಲೊಂದು ಪೆನ್ಸಿಲ್ ಇರುತ್ತದೆ. ಹಲವರು ಕೆಂಪು ನೀಲಿ ಎರಡು ತುದಿಯ ಪೆನ್ಸಿಲ್ ಇಟ್ಟುಕೊಂಡು, ಒಂದರಿಂದ ದನಿ ಏರುವ ಜಾಗವನ್ನೂ ಇನ್ನೊಂದರಿಂದ ತಗ್ಗುವ ಜಾಗವನ್ನೂ ಗುರುತಿಸುತ್ತಾರೆ. ವಾದಕರ ಹಾಳೆಗಳ ಮೇಲಂತೂ ಮಾಮೂಲಿ ಪೆನ್ಸಿಲೇ ಕಡ್ಡಾಯ, ಏಕೆಂದರೆ ಆ ಹಾಳೆಗಳು ಹಲವು ಸಲ ಬಾಡಿಗೆಗೆ ತಂದವು, ಮುಂದಿನವರಿಗೆ ಅಳಿಸಿ ಕೊಡಬೇಕಾದವು. ಮೆಟ್ರೊನೋಮ್ ಎಂಬ ಲಯ ಎಣಿಸುವ ಯಂತ್ರ ಮನೆಯಲ್ಲಿ ಲಯವನ್ನು ಸರಿನೋಡಿಕೊಳ್ಳಲು ನೆರವಾಗುತ್ತದೆ. ಮೆಲ್ಜೆಲ್ ಎಂಬಾತ 1815ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ. ಬೀಥೋವನ್ ತನ್ನ ಸಿಂಫನಿಗಳಿಗೆ ವೇಗದ ಅಂಕಿಗಳನ್ನು ಕೊಟ್ಟದ್ದು ಇದರ ಆಧಾರದ ಮೇಲೆಯೇ. ವೇದಿಕೆಗೆ ಅದನ್ನು ಒಯ್ಯುವುದಿಲ್ಲ. ಚಲನಚಿತ್ರ ಸಂಗೀತದ ಧ್ವನಿಮುದ್ರಣದಲ್ಲಿ ಮಾತ್ರ, ದೃಶ್ಯದ ಸೆಕೆಂಡುಗಳಿಗೆ ಹೊಂದಬೇಕಾದ್ದರಿಂದ, ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಶಬ್ದ ಕೇಳುತ್ತಲೇ ಇರುತ್ತದೆ.

ಇಟಲಿಯ ಕಂಡಕ್ಟರ್ ತೊಸ್ಕಾನಿನಿ ತುಂಬ ಮಂದದೃಷ್ಟಿಯವರಾದ್ದರಿಂದ ಸ್ಕೋರ್‌ಗಳನ್ನೆಲ್ಲ ಕಂಠಪಾಠ ಮಾಡಿ ನಡೆಸುತ್ತಿದ್ದರು. ಕಂಠಪಾಠವಿದ್ದರೆ ಕಣ್ಣು ವಾದಕರ ಮೇಲೆ ನಿಲ್ಲುತ್ತದೆ ಎಂಬುದು ದೊಡ್ಡ ಲಾಭ. ಪುಸ್ತಕವನ್ನು ಎದುರಿಗಿಟ್ಟುಕೊಂಡವರು ಕಡಿಮೆಯವರೆಂದು ಇದರಿಂದ ಭಾವಿಸಬೇಕಿಲ್ಲ.

ಪ್ರಶ್ನೆ: ಕಂಡಕ್ಟರ್ ಇಲ್ಲದ ವಾದ್ಯವೃಂದಗಳಿವೆಯೇ? ಮಹಿಳೆಯರು ಈ ಸ್ಥಾನದಲ್ಲಿ ಕಾಣುವುದು ಏಕೆ ಕಡಿಮೆ? (ಧಾರವಾಡದ ಓದುಗರು)

ಉತ್ತರ: ಇವೆ. ಮಾಸ್ಕೋದಲ್ಲಿ 1922ರಿಂದ 1932ರವರೆಗೆ ಪೆರ್ಸಿಂಫಾನ್ಸ್ ಎಂಬ ವಾದ್ಯವೃಂದ ಸಮಾನತೆಯ ತತ್ತ್ವದ ಮೇಲೆ, ವಾದಕರು ಒಬ್ಬರಿಗೊಬ್ಬರು ಕಾಣುವಂತೆ ವೃತ್ತಾಕಾರವಾಗಿ ಕುಳಿತು ನುಡಿಸುತ್ತಿತ್ತು. ನ್ಯೂಯಾರ್ಕ್‌ನ ಆರ್ಫಿಯಸ್ ಚೇಂಬರ್ ಆರ್ಕೆಸ್ಟ್ರಾ 1972ರಲ್ಲಿ ಆರಂಭವಾಗಿ ಕಂಡಕ್ಟರ್ ಇಲ್ಲದೆಯೇ ಬೆಳೆದು ಬಂದಿದೆ. ಅಲ್ಲಿ ಒಂದೊಂದು ಕೃತಿಗೆ ಒಬ್ಬೊಬ್ಬರು ಮುಂದಾಳುತನ ವಹಿಸುತ್ತಾರೆ, ಚರ್ಚೆಯಿಂದ ತೀರ್ಮಾನಕ್ಕೆ ಬರುತ್ತಾರೆ. ಇದಕ್ಕೆ ತಾಲೀಮಿನ ಸಮಯ ಹೆಚ್ಚು ಬೇಕು, ವಾದಕರ ಸಂಖ್ಯೆಯೂ ಮಿತಿಯಲ್ಲಿರಬೇಕು.

ಎರಡನೆಯ ಪ್ರಶ್ನೆಗೆ ಉತ್ತರ, ಅವಕಾಶದ ಬಾಗಿಲು ಬಹುಕಾಲ ಮುಚ್ಚಿತ್ತು ಎಂಬುದೇ. ಸಾಮರ್ಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಅಂಟೋನಿಯಾ ಬ್ರಿಕೊ 1930ರಲ್ಲೇ ಬರ್ಲಿನ್ ಫಿಲ್‌ಹಾರ್ಮೊನಿಕ್ ಅನ್ನು ನಡೆಸಿದ್ದರು. ಆದರೂ ವಿಯೆನ್ನಾ ಫಿಲ್‌ಹಾರ್ಮೊನಿಕ್ ಮಹಿಳೆಯರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಒಪ್ಪಿದ್ದು 1997ರಲ್ಲಿ, ಸಿಮೋನ್ ಯಂಗ್ ಅದರ ಕಛೇರಿಯನ್ನು ನಡೆಸಿದ್ದು 2005ರಲ್ಲಿ. ಮರಿನ್ ಆಲ್ಸಪ್ 2007ರಲ್ಲಿ ಬಾಲ್ಟಿಮೋರ್ ಸಿಂಫನಿಯ ಸಂಗೀತ ನಿರ್ದೇಶಕಿಯಾದರು, 2013ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದ ಕೊನೆಯ ರಾತ್ರಿಯನ್ನು ನಡೆಸಿದ ಮೊದಲ ಮಹಿಳೆ ಎನಿಸಿಕೊಂಡರು. ಇಷ್ಟು ತಡವಾದದ್ದು ಸಂಗೀತಕ್ಕೇ ಆದ ನಷ್ಟ.

ಪ್ರಶ್ನೆ: ಮೈಸೂರಿನ ಮಹಾರಾಜರಿಗೂ ಲಂಡನ್ನಿನ ವಾದ್ಯವೃಂದಕ್ಕೂ ನಂಟಿತ್ತೆಂದು ಕೇಳಿದ್ದೇನೆ. ವಿವರ ತಿಳಿಸುವಿರಾ? ನಮ್ಮ ಮಕ್ಕಳು ಈ ವಿದ್ಯೆಯನ್ನು ಕಲಿಯಬೇಕೆಂದರೆ ಎಲ್ಲಿಂದ ಆರಂಭಿಸಬೇಕು? (ಹಾಸನದ ಓದುಗರು)

ಉತ್ತರ: ಜಯಚಾಮರಾಜೇಂದ್ರ ಒಡೆಯರ್ ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರಾಗಿದ್ದಂತೆಯೇ ಪಾಶ್ಚಾತ್ಯ ಸಂಗೀತವನ್ನೂ ಆಳವಾಗಿ ಅಭ್ಯಾಸ ಮಾಡಿದ್ದರು. ಯುದ್ಧಾನಂತರ ಲಂಡನ್ನಿನಲ್ಲಿ ವಾಲ್ಟರ್ ಲೆಗ್ 1945ರಲ್ಲಿ ಕಟ್ಟಿದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಅವರು ಆರ್ಥಿಕ ನೆರವು ನೀಡಿದರು, 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಷ್ಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಒದಗಿಸಿದವರೂ ಇವರೇ. ಮೆಟ್ನರ್ ತಮ್ಮ ಮೂರನೇ ಪಿಯಾನೋ ಕಂಚೆರ್ಟೊವನ್ನು (ಪಿಯಾನೋ ಮುಂದಾಳಾಗಿ ವಾದ್ಯವೃಂದದೊಂದಿಗೆ ನುಡಿಯುವ ಕೃತಿ) ಮಹಾರಾಜರಿಗೆ ಅರ್ಪಿಸಿದ್ದಾರೆ. ರಿಚರ್ಡ್ ಸ್ಟ್ರಾಸ್ ತಮ್ಮ ಬದುಕಿ‌ನ ಕೊನೆಗೆ ವಾದ್ಯವೃಂದದೊಂದಿಗೆ ಹಾಡಲು ರಚಿಸಿದ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಕೇಳಿಬಂದಾಗ, ಹಾಡಿದವರು ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ಫಿಲ್‌ಹಾರ್ಮೋನಿಯಾವನ್ನು ನಡೆಸಿದವರು ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಹಣಕಾಸಿನ ಖಾತರಿ ನೀಡಿದವರು ಮೈಸೂರಿನ ದೊರೆ. ಕನ್ನಡ ನಾಡಿನ ದೊರೆಯೊಬ್ಬರ ನೆರವಿನಿಂದ ಆ ಶತಮಾನದ ಅತ್ಯಂತ ಸುಂದರ ಗೀತೆಗಳಲ್ಲಿ ಕೆಲವು ಲೋಕದ ಕಿವಿಗೆ ಬಿದ್ದವು ಎಂಬುದು ನಮ್ಮ ಶಾಲಾ ಪಾಠಗಳಲ್ಲೂ ಬರಬೇಕಾದ ಸಂಗತಿ.

ಕಲಿಕೆಯ ವಿಷಯ. ಭಾರತದಲ್ಲಿ ಹುಟ್ಟಿದ ಕಂಡಕ್ಟರ್‌ಗಳಲ್ಲಿ ಎಲ್ಲರಿಗೂ ಗೊತ್ತಿರುವ ಝುಬಿನ್ ಮೆಹ್ತಾ ಅವರ ದಾರಿಯನ್ನೇ ನೋಡಬಹುದು. 1936ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು, ಬಾಂಬೆ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿದ ಪಿಟೀಲುವಾದಕ ತಂದೆ ಮೆಹ್ಲಿ ಮೆಹ್ತಾ ಅವರ ತಾಲೀಮುಗಳನ್ನು ಕೇಳುತ್ತ ಬೆಳೆದರು. ಆಮೇಲೆ ವಿಯೆನ್ನಾದಲ್ಲಿ ಹಾನ್ಸ್ ಸ್ವರೋವ್‌ಸ್ಕಿ ಅವರ ಬಳಿ ಕಲಿಯುವಾಗ ವಾದ್ಯವೃಂದದಲ್ಲಿ ಡಬಲ್ ಬಾಸ್ ನುಡಿಸುತ್ತಿದ್ದರು. ಒಂದು ವಾದ್ಯವನ್ನು ಚೆನ್ನಾಗಿ ಕಲಿತು, ವೃಂದದ ನಡುವೆ ಕುಳಿತು, ಇನ್ನೊಬ್ಬರ ಕಡ್ಡಿಯನ್ನು ಅನುಸರಿಸಿದ ಅನುಭವವಿಲ್ಲದೆ ಈ ವಿದ್ಯೆ ಬರುವುದಿಲ್ಲ. ಆದ್ದರಿಂದ ಮಕ್ಕಳಿಗೆ ಮೊದಲು ವಾದ್ಯ, ಜೊತೆಗೆ ಪಿಯಾನೋ, ಹತ್ತಿರದಲ್ಲಿ ಗಾಯಕವೃಂದವಿದ್ದರೆ ಅದರಲ್ಲಿ ಹಾಡುವ ಅಭ್ಯಾಸ. ಬೀಥೋವನ್, ಮೊಜಾರ್ಟ್‌ರ ಸ್ಕೋರ್‌ಗಳಿಗೆ ಈಗ ಹಕ್ಕುಸ್ವಾಮ್ಯವಿಲ್ಲದ ಕಾರಣ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಸಿಂಫನಿಯ ನಿಧಾನ ಭಾಗವನ್ನು ತೆಗೆದುಕೊಂಡು, ಮುದ್ರಣವನ್ನು ಕೇಳುತ್ತ ಬೆರಳಿಟ್ಟು ಹಿಂಬಾಲಿಸುವುದರಿಂದ ಆರಂಭಿಸಲಿ. ಆದರೆ ಮುದ್ರಣಕ್ಕೆ ಕೈಯಾಡಿಸುವ ಅಭ್ಯಾಸವನ್ನು ಮಾತ್ರ ಬೆಳೆಸಿಕೊಳ್ಳಬಾರದು. ಆಗಲೇ ನುಡಿಯುತ್ತಿರುವ ದನಿಯ ಹಿಂದೆ ಹೋಗುವುದನ್ನು ಕೈ ಕಲಿತುಬಿಟ್ಟರೆ, ಮುಂದೆ ಅದನ್ನು ಬಿಡಿಸುವುದು ತುಂಬ ಕಷ್ಟ. ಅದರ ಬದಲು ಇಬ್ಬರು ಗೆಳೆಯರನ್ನು ಎದುರಿಗೆ ಕೂರಿಸಿಕೊಂಡು, ಬಾಯಿಮಾತಿಲ್ಲದೆ ಒಂದು ಏರಿಕೆಯಿಂದಲೇ ಅವರನ್ನು ಒಟ್ಟಿಗೆ ಹೊರಡಿಸಲು ಪ್ರಯತ್ನಿಸಲಿ. ಮುಂಬಯಿಯ ಎನ್‌ಸಿಪಿಎ ಎಂಬ ಪ್ರದರ್ಶನ ಕಲೆಗಳ ಸಂಸ್ಥೆಯಲ್ಲಿ 2006ರಿಂದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಕೆಲಸ ಮಾಡುತ್ತಿದೆ. ಅಲ್ಲಿಗೆ ಹೋದಾಗ ಸಾಧ್ಯವಾದರೆ ಕಂಡಕ್ಟರ್‌ನ ಬೆನ್ನು ಮಾತ್ರವಲ್ಲದೆ ಕೈ ಮತ್ತು ಮುಖದ ಒಂದು ಪಕ್ಕವಾದರೂ ಕಾಣುವ ಬದಿಯ ಆಸನವನ್ನು ಆರಿಸಿಕೊಳ್ಳಲಿ.